ಜಮೀನಿನ ಲೆಕ್ಕಕ್ಕೊಂದು ಗ್ರಾಫ್: ಸ್ಪ್ರೆಡ್‌ಶೀಟ್‌ನಲ್ಲಿ ಮಳೆ, ಅಂತರ್ಜಲ ಮತ್ತು ಇಳುವರಿಯ ಚಿತ್ರ ರಚಿಸುವ ವಿಧಾನ

ದಿನದ ಮಳೆ, ಕೊಳವೆಬಾವಿಯ ನೀರಿನ ಮಟ್ಟ, ಎಕರೆವಾರು ಇಳುವರಿ, ಮಾರುಕಟ್ಟೆ ಧಾರಣೆ ಇವೆಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವ ರೈತರು ನಮ್ಮ ರಾಜ್ಯದಲ್ಲಿ ಕಡಿಮೆಯೇನಿಲ್ಲ. ಆದರೆ ಬರೆದಿಟ್ಟ ಅಂಕಿಗಳು ಬಹುಪಾಲು ಪುಸ್ತಕದಲ್ಲಿಯೇ ಉಳಿದುಬಿಡುತ್ತವೆ. ಮೂರು ವರ್ಷಗಳ ದಿನವಾರು ಮಳೆ ಎಂದರೆ ಸಾವಿರಕ್ಕೂ ಮಿಕ್ಕಿದ ಅಂಕಿಗಳು. ಅವುಗಳನ್ನು ಒಂದೊಂದಾಗಿ ಓದಿ ಬಿತ್ತನೆಯ ಬಗ್ಗೆ ತೀರ್ಮಾನಕ್ಕೆ ಬರುವುದು ಯಾರಿಗೂ ಸಾಧ್ಯವಿಲ್ಲ. ಅದೇ ಅಂಕಿಗಳನ್ನು ಗ್ರಾಫ್ ರೂಪಕ್ಕೆ ತಂದರೆ ಮಳೆ ಯಾವಾಗ ಬಂತು, ಎಷ್ಟು ದಿನ ಕೈಕೊಟ್ಟಿತು, ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಎತ್ತ ಸಾಗಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಈ ಕೆಲಸಕ್ಕೆ ದುಬಾರಿ ತಂತ್ರಾಂಶದ ಅಗತ್ಯವಿಲ್ಲ. ಮೈಕ್ರೋಸಾಫ್ಟ್ ಎಕ್ಸೆಲ್, ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಕ್ಯಾಲ್ಕ್ ಅಥವಾ ಮೊಬೈಲ್ ಫೋನಿನಲ್ಲಿಯೂ ಬಳಸಬಹುದಾದ ಗೂಗಲ್ ಶೀಟ್ಸ್ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಗ್ರಾಫ್ ರಚಿಸುವ ಕ್ರಮವನ್ನೂ ಅದನ್ನು ನಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳುವ ವಿಧಾನವನ್ನೂ ಕೃಷಿಯ ಉದಾಹರಣೆಗಳ ಮೂಲಕ ಇಲ್ಲಿ ವಿವರಿಸಲಾಗಿದೆ. ತಪ್ಪಾಗಿ ಬರೆದ ಗ್ರಾಫ್, ಗ್ರಾಫ್ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿಕರ. ಆದುದರಿಂದ ತಪ್ಪು ನುಸುಳುವ ಸ್ಥಳಗಳಿಗೆ ಹೆಚ್ಚು ಗಮನ ಕೊಡಲಾಗಿದೆ.

1. ಮೊದಲು ಕೋಷ್ಟಕ ಸರಿಯಾಗಿರಲಿ

ಗ್ರಾಫಿನಲ್ಲಿ ಕಾಣುವ ದೋಷಗಳಲ್ಲಿ ಹೆಚ್ಚಿನವು ಕೋಷ್ಟಕದಲ್ಲಿಯೇ ಹುಟ್ಟಿದವು. ಅಂಕಿಗಳನ್ನು ತುಂಬುವಾಗ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

• ಒಂದು ಅಡ್ಡಸಾಲಿಗೆ ಒಂದು ದಿನದ ಅಥವಾ ಒಂದು ತಾಕಿನ ದಾಖಲೆ ಮಾತ್ರ ಇರಲಿ. ಮೊದಲ ಕಂಬಸಾಲಿನಲ್ಲಿ ದಿನಾಂಕ, ಎರಡನೆಯದರಲ್ಲಿ ಮಳೆ, ಮೂರನೆಯದರಲ್ಲಿ ಟಿಪ್ಪಣಿ ಹೀಗೆ ಒಂದೊಂದು ಕಂಬಸಾಲಿಗೆ ಒಂದೊಂದೇ ವಿಷಯವಿರಲಿ.

• ಕೋಶದಲ್ಲಿ ಅಂಕಿ ಮಾತ್ರ ಇರಬೇಕು. ‘12 ಮಿ.ಮೀ.’ ಎಂದು ಬರೆದರೆ ತಂತ್ರಾಂಶವು ಅದನ್ನು ಪದವೆಂದು ಪರಿಗಣಿಸುತ್ತದೆ, ಸಂಖ್ಯೆಯೆಂದಲ್ಲ. ಅಳತೆಯ ಮಾನವನ್ನು ಶೀರ್ಷಿಕೆಯಲ್ಲಿ ಒಮ್ಮೆ ಬರೆದರೆ ಸಾಕು.

• ಮಳೆ ಬಾರದ ದಿನ 0 ಎಂದು ಬರೆಯಿರಿ. ಅಳೆಯದೆ ಬಿಟ್ಟ ದಿನ ಕೋಶವನ್ನು ಖಾಲಿ ಬಿಡಿ. ಇವೆರಡೂ ಒಂದೇ ಅಲ್ಲ. ಖಾಲಿ ಕೋಶದಲ್ಲಿ ‘ಅಳೆದಿಲ್ಲ’ ಎಂದು ಬರೆಯುವ ಅಭ್ಯಾಸವೂ ಬೇಡ. ಎಕ್ಸೆಲ್ ಅಂತಹ ಪದವನ್ನು ಗ್ರಾಫಿನಲ್ಲಿ ಸೊನ್ನೆಯಾಗಿ ತೋರಿಸುತ್ತದೆ. ನೀರಿನ ಮಟ್ಟದ ಗ್ರಾಫಿನಲ್ಲಿ ಇದರ ಪರಿಣಾಮವೇನೆಂದರೆ, ಅಳೆಯದ ತಿಂಗಳಲ್ಲಿ ನೀರು ನೆಲಮಟ್ಟಕ್ಕೇ ಉಕ್ಕಿ ಬಂದಂತೆ ಕಾಣುತ್ತದೆ.

• ದಿನಾಂಕದ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಗಣಕಯಂತ್ರವು ಅಮೆರಿಕದ ಕ್ರಮಕ್ಕೆ ಹೊಂದಿಸಲ್ಪಟ್ಟಿದ್ದರೆ, 05/06/2024 ಎಂದು ನಾವು ಬರೆದ ಜೂನ್ 5ನೆಯ ತಾರೀಖು ಮೇ 6 ಆಗಿಬಿಡುತ್ತದೆ. 15/06/2024 ಎಂಬುದು ದಿನಾಂಕವೇ ಆಗದೆ ಬರಿಯ ಪದವಾಗಿ ಉಳಿಯುತ್ತದೆ. ಫಲವಾಗಿ ಗ್ರಾಫಿನ ದಿನಗಳು ಹಿಂದುಮುಂದಾಗುತ್ತವೆ. 2024-06-05 ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆದರೆ ಈ ಗೊಂದಲ ಉಂಟಾಗುವುದಿಲ್ಲ.

• ಮೊದಲ ಕಂಬಸಾಲಿನಲ್ಲಿ ದಿನಾಂಕದ ಬದಲು 2019, 2020, 2021 ಎಂದು ವರ್ಷಗಳಿದ್ದರೆ, ಎಕ್ಸೆಲ್ ಆ ವರ್ಷಗಳನ್ನೂ ಇಳುವರಿಯಂತಹ ಒಂದು ಅಂಕಿಯೆಂದು ತಿಳಿದು ಎರಡು ಸಾವಿರದ ಎತ್ತರದಲ್ಲಿ ಪ್ರತ್ಯೇಕ ಗೆರೆ ಎಳೆಯುವುದುಂಟು. ಆ ಕಂಬಸಾಲಿನ ತಲೆಯ ಕೋಶವನ್ನು ಖಾಲಿ ಬಿಟ್ಟರೆ ಸಾಮಾನ್ಯವಾಗಿ ಈ ದೋಷ ನಿವಾರಣೆಯಾಗುತ್ತದೆ.

• ಕನ್ನಡದಲ್ಲಿ ಶೀರ್ಷಿಕೆ ಬರೆಯುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಮತ್ತೊಬ್ಬರ ಗಣಕದಲ್ಲಿ ಅಥವಾ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತದೆ.

2. ಯಾವ ಪ್ರಶ್ನೆಗೆ ಯಾವ ಗ್ರಾಫ್?

ತಂತ್ರಾಂಶವು ಹತ್ತಾರು ಬಗೆಯ ಗ್ರಾಫ್‌ಗಳನ್ನು ಮುಂದಿಡುತ್ತದೆ. ಕೃಷಿಯ ದಿನನಿತ್ಯದ ಅಗತ್ಯಕ್ಕೆ ನಾಲ್ಕು ಸಾಕು. ಆಯ್ಕೆಯನ್ನು ನಿರ್ಧರಿಸಬೇಕಾದುದು ಅಂದವಲ್ಲ, ನಿಮ್ಮ ಪ್ರಶ್ನೆ.

• ಪ್ರಮಾಣಗಳನ್ನು ಹೋಲಿಸಲು: ಸ್ತಂಭಾಲೇಖ. ತಿಂಗಳವಾರು ಮಳೆ, ತಳಿವಾರು ಇಳುವರಿ ಮುಂತಾದವು.

• ಕಾಲಕ್ಕೆ ತಕ್ಕಂತೆ ಆಗುವ ಏರಿಳಿತ ತೋರಿಸಲು: ರೇಖಾಲೇಖ. ವಾರವಾರದ ಧಾರಣೆ, ಹಸುವಿನ ಹಾಲಿನ ಇಳುವರಿ ಮುಂತಾದವು.

• ಎರಡು ಅಳತೆಗಳ ನಡುವಿನ ಸಂಬಂಧ ತಿಳಿಯಲು: ಸ್ಕ್ಯಾಟರ್ ಆಲೇಖ, ಅಂದರೆ ಬಿಂದುಗಳ ಗ್ರಾಫ್. ಗೊಬ್ಬರದ ಪ್ರಮಾಣ ಮತ್ತು ಇಳುವರಿ ಇದಕ್ಕೆ ಉತ್ತಮ ನಿದರ್ಶನ.

• ಒಂದು ಮೊತ್ತದ ಪಾಲುಗಳನ್ನು ತೋರಿಸಲು: ಪೈ ಚಾರ್ಟ್. ಸಾಗುವಳಿ ವೆಚ್ಚದಲ್ಲಿ ಬೀಜ, ಗೊಬ್ಬರ, ಕೂಲಿ, ಬಾಡಿಗೆಗಳ ಪಾಲು ಇತ್ಯಾದಿ. ಪಾಲುಗಳು ಐದಾರಕ್ಕಿಂತ ಹೆಚ್ಚಿದ್ದರೆ ಪೈ ಚಾರ್ಟ್ ಬದಲು ಸ್ತಂಭಾಲೇಖವೇ ಲೇಸು.

3. ಗ್ರಾಫ್ ರಚಿಸುವ ಸಾಮಾನ್ಯ ಕ್ರಮ

1) ಶೀರ್ಷಿಕೆಯ ಸಾಲೂ ಸೇರಿದಂತೆ ಬೇಕಾದ ಕಂಬಸಾಲುಗಳನ್ನು ಮಾತ್ರ ಆಯ್ಕೆ ಮಾಡಿ. ಅಕ್ಕಪಕ್ಕದಲ್ಲಿಲ್ಲದ ಕಂಬಸಾಲುಗಳನ್ನು ಆಯ್ಕೆ ಮಾಡಲು ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿಯಬೇಕು. ಕೊನೆಯಲ್ಲಿರುವ ‘ಒಟ್ಟು’ ಸಾಲನ್ನು ಆಯ್ಕೆಯಿಂದ ಹೊರಗಿಡಿ. ಅದು ಸೇರಿದರೆ ಒಟ್ಟು ಮೊತ್ತದ ಸ್ತಂಭವೊಂದೇ ಮುಗಿಲೆತ್ತರಕ್ಕೆ ನಿಂತು ಉಳಿದವು ನೆಲಕಚ್ಚಿದಂತೆ ಕಾಣುತ್ತವೆ.

2) ‘ಇನ್ಸರ್ಟ್’ ಪಟ್ಟಿಗೆ ಹೋಗಿ ‘ಚಾರ್ಟ್’ ಆಯ್ದುಕೊಳ್ಳಿ. ಎಕ್ಸೆಲ್‌ನಲ್ಲಿ ಅಲ್ಲಿಯೇ ಬಗೆಬಗೆಯ ಗ್ರಾಫ್‌ಗಳ ಚಿಹ್ನೆಗಳಿರುತ್ತವೆ. ಗೂಗಲ್ ಶೀಟ್ಸ್‌ನಲ್ಲಿ ಬಲಬದಿಗೆ ತೆರೆದುಕೊಳ್ಳುವ ಫಲಕದಲ್ಲಿ ‘ಸೆಟಪ್’ ಮತ್ತು ‘ಕಸ್ಟಮೈಸ್’ ಎಂಬ ಎರಡು ವಿಭಾಗಗಳಿದ್ದು, ಮೊದಲನೆಯದರಲ್ಲಿ ಗ್ರಾಫಿನ ಬಗೆಯನ್ನೂ ಎರಡನೆಯದರಲ್ಲಿ ಅದರ ರೂಪವನ್ನೂ ಬದಲಿಸಬಹುದು.

3) ಗ್ರಾಫ್ ಮೂಡಿದೊಡನೆ ಅಡ್ಡ ಅಕ್ಷದಲ್ಲಿ ಕಾಲ ಅಥವಾ ತಾಕು, ಲಂಬ ಅಕ್ಷದಲ್ಲಿ ಅಳತೆ ಬಂದಿದೆಯೇ ಎಂದು ನೋಡಿ. ಅದಲುಬದಲಾಗಿದ್ದರೆ ಎಕ್ಸೆಲ್‌ನಲ್ಲಿ ‘ಸ್ವಿಚ್ ರೋ/ಕಾಲಮ್’ ಒತ್ತಿದರೆ ಸರಿಹೋಗುತ್ತದೆ.

4) ಮುಖ್ಯ ಶೀರ್ಷಿಕೆ ಹಾಗೂ ಎರಡೂ ಅಕ್ಷಗಳ ಹೆಸರುಗಳನ್ನು ಅಳತೆಯ ಮಾನದೊಂದಿಗೆ ಬರೆಯಿರಿ. ಎಕ್ಸೆಲ್‌ನಲ್ಲಿ ಗ್ರಾಫಿನ ಪಕ್ಕದಲ್ಲಿ ಕಾಣುವ ಅಧಿಕ ಚಿಹ್ನೆಯನ್ನು ಒತ್ತಿದರೆ ಈ ಆಯ್ಕೆಗಳು ದೊರೆಯುತ್ತವೆ.

ತಿದ್ದುಪಡಿಗೆ ನೆನಪಿಡಬೇಕಾದ ಸೂತ್ರ ಒಂದೇ: ಯಾವ ಭಾಗವನ್ನು ಬದಲಿಸಬೇಕೋ ಆ ಭಾಗದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಅದಕ್ಕೆ ಸಂಬಂಧಿಸಿದ ಆಯ್ಕೆಗಳು ತೆರೆದುಕೊಳ್ಳುತ್ತವೆ.

4. ಮಳೆಯ ಗ್ರಾಫ್: ತಿಂಗಳ ಮೊತ್ತ ಮರೆಮಾಚುವ ಸಂಗತಿ

ಮಳೆಮಾಪಕದ ಅಳತೆಯನ್ನು ಪ್ರತಿದಿನ ಬೆಳಿಗ್ಗೆ 8:30ಕ್ಕೆ ತೆಗೆದುಕೊಳ್ಳುವುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕ್ರಮ. 24 ಗಂಟೆಗಳಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವನ್ನು ಭಾರತೀಯ ಹವಾಮಾನ ಇಲಾಖೆಯು ಮಳೆಯ ದಿನವೆಂದು ಗಣಿಸುತ್ತದೆ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಎಕರೆಗೆ ಸುಮಾರು 4,000 ಲೀಟರ್.

ಸಾಮಾನ್ಯವಾಗಿ ಎಲ್ಲರೂ ರಚಿಸುವುದು ತಿಂಗಳವಾರು ಮಳೆಯ ಸ್ತಂಭಾಲೇಖವನ್ನು. ವರದಿಗೆ ಅದು ಸಾಕು. ಬಿತ್ತನೆಯ ತೀರ್ಮಾನಕ್ಕೆ ಸಾಲದು. ಉದಾಹರಣೆಗೆ, ಎರಡು ಊರುಗಳಲ್ಲಿಯೂ ಜೂನ್ ತಿಂಗಳಲ್ಲಿ 90 ಮಿ.ಮೀ. ಮಳೆಯಾಯಿತೆಂದು ಭಾವಿಸಿ. ಮೊದಲ ಊರಿನಲ್ಲಿ ವಾರಕ್ಕೊಮ್ಮೆಯಂತೆ ಹದವಾಗಿ ಬಂತು. ಎರಡನೆಯ ಊರಿನಲ್ಲಿ ತಿಂಗಳ ಮೊದಲ ವಾರದ ಎರಡೇ ದಿನಗಳಲ್ಲಿ ಸುರಿದು, ಆಮೇಲೆ ಮೂರು ವಾರ ಒಂದು ಹನಿಯೂ ಬೀಳಲಿಲ್ಲ. ತಿಂಗಳ ಸ್ತಂಭಗಳು ಎರಡೂ ಊರಿನಲ್ಲಿ ಒಂದೇ ಎತ್ತರ. ಆದರೆ ಎರಡನೆಯ ಊರಿನಲ್ಲಿ ಮೊದಲ ಮಳೆಗೆ ಬಿತ್ತಿದವರ ಪೈರು ಮೊಳಕೆಯಲ್ಲಿಯೇ ಒಣಗಿ, ಬೀಜದ ಖರ್ಚು ಎರಡನೆಯ ಬಾರಿ ಮೈಮೇಲೆ ಬಂದಿರುತ್ತದೆ.

ಈ ವ್ಯತ್ಯಾಸವನ್ನು ಎತ್ತಿ ತೋರಿಸುವುದು ಸಂಚಿತ ಮಳೆಯ ಗ್ರಾಫ್. ಅಂದರೆ ಋತುವಿನ ಆರಂಭದಿಂದ ಆ ದಿನದವರೆಗೆ ಬಿದ್ದ ಒಟ್ಟು ಮಳೆಯ ರೇಖೆ. ಇದನ್ನು ಹೀಗೆ ರಚಿಸಬೇಕು.

• ಎ ಕಂಬಸಾಲಿನಲ್ಲಿ ದಿನಾಂಕ, ಬಿ ಕಂಬಸಾಲಿನಲ್ಲಿ ದಿನದ ಮಳೆ ಇರಲಿ.

• ಸಿ2 ಕೋಶದಲ್ಲಿ =ಬಿ2 ಎಂದೂ, ಸಿ3 ಕೋಶದಲ್ಲಿ =ಸಿ2+ಬಿ3 ಎಂದೂ ಬರೆದು, ಸಿ3 ಕೋಶದ ಸೂತ್ರವನ್ನು ಕೊನೆಯ ದಿನದವರೆಗೆ ಕೆಳಕ್ಕೆ ಎಳೆಯಿರಿ. ಸೂತ್ರದಲ್ಲಿ ಕೋಶಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟಂಕಿಸಬೇಕು.

• ಮೂರೂ ಕಂಬಸಾಲುಗಳನ್ನು ಆಯ್ದು ‘ಕಾಂಬೊ’ ಗ್ರಾಫ್ ಆರಿಸಿ. ದಿನದ ಮಳೆಗೆ ಸ್ತಂಭವನ್ನೂ ಸಂಚಿತ ಮಳೆಗೆ ರೇಖೆಯನ್ನೂ ನಿಗದಿಪಡಿಸಿ.

• ದಿನದ ಮಳೆ ಹತ್ತಾರು ಮಿ.ಮೀ. ಇದ್ದರೆ ಸಂಚಿತ ಮಳೆ ನೂರಾರು ಮಿ.ಮೀ. ಇರುತ್ತದೆ. ಒಂದೇ ಅಕ್ಷದಲ್ಲಿ ಬರೆದರೆ ಸ್ತಂಭಗಳು ಕಾಣದಷ್ಟು ಕುಗ್ಗುತ್ತವೆ. ಆದುದರಿಂದ ಸಂಚಿತ ಮಳೆಯ ರೇಖೆಯನ್ನು ‘ಸೆಕೆಂಡರಿ ಆಕ್ಸಿಸ್’, ಅಂದರೆ ಬಲಬದಿಯ ಅಕ್ಷಕ್ಕೆ ವರ್ಗಾಯಿಸಿ.

ಈ ಗ್ರಾಫನ್ನು ಓದುವುದು ಸುಲಭ. ರೇಖೆ ಕಡಿದಾಗಿ ಏರಿದಲ್ಲಿ ಬಿರುಮಳೆ. ನಿಧಾನವಾಗಿ ಏರಿದಲ್ಲಿ ಹದವಾದ ಮಳೆ. ಮಟ್ಟಸವಾಗಿ ಮಲಗಿದಲ್ಲಿ ಒಣಹವೆ. ಮೂರು ನಾಲ್ಕು ವರ್ಷಗಳ ಸಂಚಿತ ರೇಖೆಗಳನ್ನು ಒಂದೇ ಗ್ರಾಫಿನಲ್ಲಿ ಬೇರೆ ಬೇರೆ ಬಣ್ಣದಲ್ಲಿ ಬರೆದು ನೋಡಿ. ಒಂದೇ ಅವಧಿಯಲ್ಲಿ ಎಲ್ಲ ವರ್ಷಗಳ ರೇಖೆಗಳೂ ಮಲಗಿದ್ದರೆ, ಆ ಅವಧಿಗೆ ಬೆಳೆಯ ಹೂವಾಡುವ ಹಂತ ಬಾರದಂತೆ ಬಿತ್ತನೆಯ ಕಾಲವನ್ನೋ ತಳಿಯ ಅವಧಿಯನ್ನೋ ಬದಲಿಸುವ ಬಗ್ಗೆ ಯೋಚಿಸಬಹುದು. ಕೃಷಿಹೊಂಡದ ನೀರನ್ನು ಯಾವ ವಾರಕ್ಕೆ ಕಾಯ್ದಿರಿಸಬೇಕೆಂಬುದಕ್ಕೂ ಇದು ದಾರಿ ತೋರಿಸುತ್ತದೆ. ಆದರೆ ಮೂರು ನಾಲ್ಕು ವರ್ಷಗಳ ದಾಖಲೆ ಸೂಚನೆಯಷ್ಟೇ, ನಿಯಮವಲ್ಲ. ನಿಮ್ಮ ತಾಲ್ಲೂಕಿನ ದೀರ್ಘಾವಧಿಯ ವಾಡಿಕೆ ಮಳೆಯ ಅಂಕಿಗಳನ್ನು ಪಡೆದು, ಅದರ ಸಂಚಿತ ರೇಖೆಯನ್ನೂ ಜೊತೆಯಲ್ಲಿ ಬರೆದರೆ ಹೋಲಿಕೆಗೆ ಬಲ ಬರುತ್ತದೆ. ಹವಾಮಾನ ಇಲಾಖೆಯ ಮಾನದಂಡದಂತೆ ವಾಡಿಕೆಗಿಂತ ಶೇ. 19ರವರೆಗಿನ ಹೆಚ್ಚುಕಡಿಮೆಯನ್ನು ವಾಡಿಕೆಯೆಂದೂ, ಶೇ. 20ರಿಂದ 59ರಷ್ಟು ಕಡಿಮೆಯಾದರೆ ಕೊರತೆಯೆಂದೂ, ಶೇ. 60 ಅಥವಾ ಅದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಕಡಿಮೆಯಾದರೆ ತೀವ್ರ ಕೊರತೆಯೆಂದೂ ಪರಿಗಣಿಸಲಾಗುತ್ತದೆ.

ತಿಂಗಳ ಬದಲು ನಕ್ಷತ್ರದ ಲೆಕ್ಕದಲ್ಲಿಯೂ ಮಳೆಯನ್ನು ಕೂಡಿಸಬಹುದು. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಹೀಗೆ ಒಂದೊಂದು ಮಳೆ ನಕ್ಷತ್ರದ ಅವಧಿ ಸುಮಾರು 13ರಿಂದ 14 ದಿನ. ಬಿತ್ತನೆಯ ಮಾತನ್ನು ಹಿರಿಯರು ಇಂದಿಗೂ ಈ ಲೆಕ್ಕದಲ್ಲಿಯೇ ಆಡುವುದರಿಂದ, ನಕ್ಷತ್ರವಾರು ಸ್ತಂಭಾಲೇಖವನ್ನು ಗ್ರಾಮಸಭೆಯಲ್ಲಿ ತೋರಿಸಿದರೆ ಎಲ್ಲರೂ ಚರ್ಚೆಯಲ್ಲಿ ಪಾಲ್ಗೊಳ್ಳುತ್ತಾರೆ. ತಿಂಗಳಿಗಿಂತ ಕಿರಿದಾದ ಅವಧಿಯಾದುದರಿಂದ ಒಣಹವೆಯನ್ನೂ ಇದು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ.

5. ಕೊಳವೆಬಾವಿಯ ನೀರಿನ ಮಟ್ಟ: ಅಕ್ಷವನ್ನು ತಲೆಕೆಳಗು ಮಾಡಿ

ನೀರಿನ ಮಟ್ಟವನ್ನು ನೆಲದಿಂದ ಎಷ್ಟು ಅಡಿ ಆಳದಲ್ಲಿದೆ ಎಂದು ಅಳೆಯುತ್ತೇವೆ. ಆದ್ದರಿಂದ ಅಂಕಿ ದೊಡ್ಡದಾದಷ್ಟೂ ನೀರು ಕೆಳಗಿಳಿದಿದೆ ಎಂದರ್ಥ. ಆದರೆ ಸಾಮಾನ್ಯ ಗ್ರಾಫಿನಲ್ಲಿ ದೊಡ್ಡ ಅಂಕಿ ಮೇಲಿರುತ್ತದೆ. 150 ಅಡಿಯಿದ್ದ ನೀರು 220 ಅಡಿಗೆ ಇಳಿದಾಗ ರೇಖೆ ಮೇಲೇರುತ್ತದೆ. ನೋಡಿದವರು ನೀರು ಹೆಚ್ಚಿತೆಂದು ಸಂತೋಷಪಡುವ ಸಾಧ್ಯತೆಯಿದೆ.

ಇದನ್ನು ಸರಿಪಡಿಸಲು ಎಕ್ಸೆಲ್‌ನಲ್ಲಿ ಲಂಬ ಅಕ್ಷದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, ‘ಫಾರ್ಮ್ಯಾಟ್ ಆಕ್ಸಿಸ್’ ಫಲಕದಲ್ಲಿ ‘ವ್ಯಾಲ್ಯೂಸ್ ಇನ್ ರಿವರ್ಸ್ ಆರ್ಡರ್’ ಎಂಬುದನ್ನು ಗುರುತು ಮಾಡಿ. ಲಿಬ್ರೆ ಆಫೀಸ್‌ನಲ್ಲಿ ಇದೇ ಆಯ್ಕೆ ‘ರಿವರ್ಸ್ ಡೈರೆಕ್ಷನ್’ ಎಂಬ ಹೆಸರಿನಲ್ಲಿದೆ. ಯಾವ ತಂತ್ರಾಂಶದಲ್ಲಿಯೂ ನಡೆಯುವ ಸರಳ ಉಪಾಯವೆಂದರೆ ಆಳವನ್ನು –150, –220 ಎಂದು ಋಣ ಸಂಖ್ಯೆಯಾಗಿ ಬರೆಯುವುದು. ಆಗ ಸೊನ್ನೆ ಅಂದರೆ ನೆಲಮಟ್ಟ ಗ್ರಾಫಿನ ಮೇಲ್ಭಾಗದಲ್ಲಿ ನಿಂತು, ಸ್ತಂಭಗಳು ಭೂಮಿಯೊಳಕ್ಕೆ ಇಳಿದಂತೆ ಕಾಣುತ್ತವೆ. ನೋಡಿದವರಿಗೆ ವಿವರಣೆಯೇ ಬೇಕಾಗುವುದಿಲ್ಲ.

ಅಳತೆಯ ಸಮಯವೂ ಮುಖ್ಯ. ಪಂಪನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಚಾಲೂ ಮಾಡುವ ಮುನ್ನ ಅಳೆಯಿರಿ. ಪಂಪು ನಡೆಯುತ್ತಿರುವಾಗ ಅಳೆದ ಮಟ್ಟವನ್ನೂ ನಿಂತಾಗ ಅಳೆದ ಮಟ್ಟವನ್ನೂ ಒಂದೇ ಗ್ರಾಫಿನಲ್ಲಿ ಬೆರೆಸಬಾರದು. ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ರೈತರು ಕನಿಷ್ಠ ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ನವೆಂಬರಿನಲ್ಲಿ ಒಮ್ಮೆ ಅಳೆದರೂ ಉಪಯುಕ್ತ ದಾಖಲೆಯಾಗುತ್ತದೆ.

ಈ ಎರಡೂ ಅಳತೆಗಳನ್ನು ಒಂದೇ ರೇಖೆಯಾಗಿ ಜೋಡಿಸಿದರೆ ಗರಗಸದ ಹಲ್ಲಿನಂತಹ ಆಕಾರ ಬಂದು ಏನೂ ತಿಳಿಯುವುದಿಲ್ಲ. ಮೇ ತಿಂಗಳಿಗೆ ಒಂದು ಕಂಬಸಾಲು, ನವೆಂಬರಿಗೆ ಇನ್ನೊಂದು ಕಂಬಸಾಲು ಮಾಡಿ ಎರಡು ರೇಖೆಗಳನ್ನು ಬರೆಯಿರಿ. ಎರಡರ ನಡುವಿನ ಅಂತರವೇ ಆ ವರ್ಷದ ಮಳೆ ತುಂಬಿಸಿಕೊಟ್ಟ ಪ್ರಮಾಣದ ಸೂಚನೆ. ಮೇ ರೇಖೆ ಏರಿಳಿದರೂ ನವೆಂಬರ್ ರೇಖೆ ಪ್ರತಿವರ್ಷ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಮರಳುತ್ತಿದ್ದರೆ ಮರುಪೂರಣ ಸಾಕಷ್ಟಾಗುತ್ತಿದೆ ಎನ್ನಬಹುದು. ಒಳ್ಳೆಯ ಮಳೆಯಾದ ವರ್ಷದಲ್ಲಿಯೂ ನವೆಂಬರ್ ರೇಖೆ ಹಿಂದಿನ ವರ್ಷಕ್ಕಿಂತ ಕೆಳಗೆ ನಿಂತರೆ, ಭೂಮಿಗೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತಲಾಗುತ್ತಿದೆ ಎಂಬುದು ಸ್ಪಷ್ಟ.

ಇನ್ನೊಂದು ಕೊಳವೆಬಾವಿ ಕೊರೆಸಲು ಸಾಲ ಮಾಡುವ ಮುನ್ನ ಈ ಗ್ರಾಫನ್ನು ತಪ್ಪದೆ ನೋಡಬೇಕು. ನಮ್ಮ ರಾಜ್ಯದ ಬಹುಭಾಗ ಗಟ್ಟಿಶಿಲೆಯ ಪ್ರದೇಶ. ಇಲ್ಲಿ ನೀರಿರುವುದು ಶಿಥಿಲಗೊಂಡ ಶಿಲಾಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಅದೇ ಬಿರುಕುಗಳಿಗೆ ಮತ್ತೊಂದು ಬಾವಿ ತೋಡಿದರೆ ಹೊಸ ನೀರು ಹುಟ್ಟುವುದಿಲ್ಲ; ಇರುವ ನೀರು ಎರಡು ಪಾಲಾಗುತ್ತದೆ. ಎರಡೂ ರೇಖೆಗಳು ಇಳಿಮುಖವಾಗಿದ್ದಲ್ಲಿ ಕೊರೆಯುವ ಹಣವನ್ನು ಹನಿ ನೀರಾವರಿ, ಕಡಿಮೆ ನೀರು ಬೇಡುವ ಬೆಳೆ ಹಾಗೂ ಮರುಪೂರಣದ ಕಡೆಗೆ ತಿರುಗಿಸುವುದು ಜಾಣತನ.

6. ಗೊಬ್ಬರ ಮತ್ತು ಇಳುವರಿ: ಬಿಂದುಗಳ ಗ್ರಾಫ್

ಅಭ್ಯಾಸಕ್ಕಾಗಿ ಊಹಿಸಿದ ಅಂಕಿಗಳನ್ನು ತೆಗೆದುಕೊಳ್ಳೋಣ. ಹೆಕ್ಟೇರಿಗೆ 0, 50, 100, 150 ಮತ್ತು 200 ಕಿ.ಗ್ರಾಂ ಸಾರಜನಕ ಕೊಟ್ಟಾಗ ಮುಸುಕಿನ ಜೋಳದ ಇಳುವರಿ ಕ್ರಮವಾಗಿ 24, 36, 44, 48 ಮತ್ತು 48 ಕ್ವಿಂಟಾಲ್ ಬಂದಿದೆ ಎಂದಿಟ್ಟುಕೊಳ್ಳಿ. ಇವು ಶಿಫಾರಸುಗಳಲ್ಲ, ಗ್ರಾಫ್ ಕಲಿಯಲು ಮಾತ್ರ.

ಎರಡೂ ಕಂಬಸಾಲುಗಳನ್ನು ಆಯ್ದು ಸ್ಕ್ಯಾಟರ್ ಗ್ರಾಫ್ ರಚಿಸಿ. ಇಲ್ಲಿ ರೇಖಾಲೇಖವನ್ನು ಬಳಸಬಾರದು. ಕಾರಣವಿಷ್ಟೆ: ರೇಖಾಲೇಖವು ಅಡ್ಡ ಅಕ್ಷದ ಅಂಕಿಗಳನ್ನು ಬರಿಯ ಹೆಸರುಗಳೆಂದು ತಿಳಿದು ಸಮಾನ ಅಂತರದಲ್ಲಿ ಜೋಡಿಸುತ್ತದೆ. ಪ್ರಮಾಣಗಳು 0, 50, 100, 200 ಎಂದಿದ್ದರೆ, 100 ಮತ್ತು 200ರ ನಡುವಿನ ಅಂತರವೂ 50 ಮತ್ತು 100ರ ನಡುವಿನಷ್ಟೇ ಕಾಣುತ್ತದೆ. ಅದಕ್ಕೆ ಪ್ರವೃತ್ತಿ ರೇಖೆ ಸೇರಿಸಿದರೆ ಲೆಕ್ಕ 1, 2, 3, 4 ಎಂಬ ಕ್ರಮಸಂಖ್ಯೆಗಳ ಮೇಲೆ ನಡೆದು ಸಮೀಕರಣವೇ ತಪ್ಪಾಗುತ್ತದೆ. ಸ್ಕ್ಯಾಟರ್ ಗ್ರಾಫ್ ಪ್ರತಿ ಬಿಂದುವನ್ನೂ ಅದರ ನಿಜವಾದ ಸ್ಥಾನದಲ್ಲಿಡುತ್ತದೆ.

ಬಿಂದುವೊಂದರ ಮೇಲೆ ಬಲ ಕ್ಲಿಕ್ ಮಾಡಿ ‘ಆಡ್ ಟ್ರೆಂಡ್‌ಲೈನ್’ ಆಯ್ದು, ‘ಪಾಲಿನೋಮಿಯಲ್’ನಲ್ಲಿ 2ನೆಯ ಘಾತವನ್ನು ಆರಿಸಿ, ಸಮೀಕರಣವನ್ನು ಗ್ರಾಫಿನ ಮೇಲೆ ತೋರಿಸುವ ಆಯ್ಕೆಯನ್ನು ಗುರುತು ಮಾಡಿ. ಘಾತವನ್ನು 4ಕ್ಕೆ ಏರಿಸಿದರೆ ರೇಖೆ ಐದೂ ಬಿಂದುಗಳ ಮೂಲಕ ಹಾದುಹೋಗುತ್ತದೆ. ಆದರೆ ಅದು ಬೆಳೆಯ ಸ್ವಭಾವವನ್ನಲ್ಲ, ತಾಕಿನಿಂದ ತಾಕಿಗಿರುವ ಆಕಸ್ಮಿಕ ವ್ಯತ್ಯಾಸವನ್ನೇ ಅನುಸರಿಸುತ್ತದೆ. ನಮ್ಮ ಉದಾಹರಣೆಯಲ್ಲಿ ದೊರೆಯುವ ಸಮೀಕರಣ: ಇಳುವರಿ = 24 + 0.28 × ಸಾರಜನಕ – 0.0008 × ಸಾರಜನಕದ ವರ್ಗ. ಕೊನೆಯ ಸಹಗುಣಕ ಬಹಳ ಚಿಕ್ಕದಾದುದರಿಂದ, ಲೆಕ್ಕಕ್ಕೆ ಬಳಸುವ ಮುನ್ನ ಸಮೀಕರಣದ ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿಕೊಳ್ಳಿ.

ಈಗ ಗ್ರಾಫನ್ನು ಓದಿ. ಮೊದಲ 50 ಕಿ.ಗ್ರಾಂ 12 ಕ್ವಿಂಟಾಲ್ ಹೆಚ್ಚಿಸಿತು, ಎರಡನೆಯದು 8, ಮೂರನೆಯದು 4, ನಾಲ್ಕನೆಯದು ಏನನ್ನೂ ಕೊಡಲಿಲ್ಲ. ಆ ಕೊನೆಯ 50 ಕಿ.ಗ್ರಾಂ ಸಾರಜನಕವೆಂದರೆ, ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿರುವುದರಿಂದ, ಸುಮಾರು 109 ಕಿ.ಗ್ರಾಂ ಯೂರಿಯಾ. ಎಕರೆಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 45 ಕಿ.ಗ್ರಾಂನ ಒಂದು ಚೀಲ. ರೇಖೆ ಬಾಗಿ ಮಟ್ಟಸವಾಗುವ ಸ್ಥಳವೇ ಚೀಲದ ಬಾಯಿ ಕಟ್ಟಬೇಕಾದ ಸ್ಥಳ. ಅಲ್ಲಿಂದಾಚೆಗೆ ಹಾಕಿದ ಸಾರಜನಕದಿಂದ ಬೆಳೆ ಸೊಕ್ಕಿ ಬೆಳೆದು ನೆಲಕ್ಕೊರಗುವ, ಕೀಟರೋಗಗಳಿಗೆ ಸುಲಭವಾಗಿ ತುತ್ತಾಗುವ ಅಪಾಯವೂ ಹೆಚ್ಚುತ್ತದೆ.

ಪ್ರವೃತ್ತಿ ರೇಖೆಯನ್ನು ಅಳತೆಗೆ ಸಿಕ್ಕ ಪ್ರಮಾಣಗಳಾಚೆಗೆ ಎಳೆದು ಭವಿಷ್ಯ ಹೇಳಬಾರದು. ಒಂದು ಜಮೀನಿನ ರೇಖೆಯನ್ನು ಮಣ್ಣು ಪರೀಕ್ಷೆ ಮಾಡಿಸದ ಮತ್ತೊಂದು ಜಮೀನಿಗೆ ಅನ್ವಯಿಸಲೂಬಾರದು.

7. ಪ್ರಾತ್ಯಕ್ಷಿಕೆಯ ತಾಕುಗಳ ಹೋಲಿಕೆ: ಸೊನ್ನೆಯಿಂದ ಆರಂಭವಾಗಲಿ

ವಿಸ್ತರಣಾ ಕಾರ್ಯಕರ್ತರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಪದ್ಧತಿಯಲ್ಲಿ ಎಕರೆಗೆ 18.2 ಕ್ವಿಂಟಾಲ್, ಹೊಸ ಉತ್ಪನ್ನ ಬಳಸಿದ ತಾಕಿನಲ್ಲಿ 19.0 ಕ್ವಿಂಟಾಲ್ ಬಂದಿದೆ ಎಂದುಕೊಳ್ಳಿ. ವ್ಯತ್ಯಾಸ 0.8 ಕ್ವಿಂಟಾಲ್, ಅಂದರೆ ಸುಮಾರು ಶೇ. 4.4. ಇದೇ ಅಂಕಿಗಳ ಸ್ತಂಭಾಲೇಖದ ಲಂಬ ಅಕ್ಷ 18ರಿಂದ ಆರಂಭವಾದರೆ, ಎರಡನೆಯ ಸ್ತಂಭ ಮೊದಲನೆಯದರ ಐದು ಪಟ್ಟು ಎತ್ತರ ಕಾಣುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಅಂಕಿಗಳೆಲ್ಲ ಸರಿಯಾಗಿವೆ. ಆದರೂ ಚಿತ್ರ ನೋಡಿದ ರೈತ ಐದು ಪಟ್ಟು ಲಾಭದ ಆಸೆಯಿಂದ ಹಣ ತೆರುತ್ತಾನೆ. ಅಂಕಿಗಳು ಪರಸ್ಪರ ಹತ್ತಿರವಿದ್ದಾಗ ತಂತ್ರಾಂಶವು ತಾನಾಗಿಯೇ ಅಕ್ಷವನ್ನು ಹೀಗೆ ಕತ್ತರಿಸುವುದುಂಟು. ಆದುದರಿಂದ ‘ಫಾರ್ಮ್ಯಾಟ್ ಆಕ್ಸಿಸ್’ನಲ್ಲಿ ‘ಮಿನಿಮಮ್’ ಎಂಬಲ್ಲಿ 0 ಎಂದು ನೀವೇ ಬರೆಯಿರಿ. ಸ್ತಂಭದ ಎತ್ತರವೇ ಪ್ರಮಾಣವನ್ನು ಹೇಳುವುದರಿಂದ ಸ್ತಂಭಾಲೇಖಕ್ಕೆ ಈ ನಿಯಮ ಕಡ್ಡಾಯ. ಧಾರಣೆಯಂತಹ ರೇಖಾಲೇಖಗಳಲ್ಲಿ ಅಕ್ಷ ಬೇರೆಡೆಯಿಂದ ಆರಂಭವಾಗಬಹುದು. ಆದರೆ ಅದನ್ನು ಗ್ರಾಫಿನ ಕೆಳಗೆ ತಿಳಿಸಬೇಕು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ: 0.8 ಕ್ವಿಂಟಾಲ್ ವ್ಯತ್ಯಾಸ ಆ ಉತ್ಪನ್ನದ ಫಲವೋ, ಮಣ್ಣಿನ ವ್ಯತ್ಯಾಸದ ಫಲವೋ? ಒಂದೊಂದೇ ತಾಕಿನಿಂದ ಇದಕ್ಕೆ ಉತ್ತರ ಸಿಗದು. ಪ್ರತಿ ಪದ್ಧತಿಯನ್ನೂ ಜಮೀನಿನ ಕನಿಷ್ಠ ಮೂರು ನಾಲ್ಕು ಕಡೆ ಪುನರಾವರ್ತಿಸಿ, ಎಲ್ಲ ತಾಕುಗಳ ಇಳುವರಿಯನ್ನೂ ಬಿಂದುಗಳಾಗಿ ಗ್ರಾಫಿನಲ್ಲಿ ತೋರಿಸುವುದು ಅತ್ಯಂತ ಸರಳ ಮಾರ್ಗ. ಎರಡು ಪದ್ಧತಿಗಳ ಬಿಂದುಗಳು ಒಂದರೊಳಗೊಂದು ಬೆರೆತಿದ್ದರೆ ಹೊಸದು ಮೇಲೆಂದು ಹೇಳಲು ಆಧಾರವಿಲ್ಲ. ಪ್ರಯೋಗದ ವಿಶ್ಲೇಷಣೆ ಲಭ್ಯವಿದ್ದರೆ ‘ಎರರ್ ಬಾರ್ಸ್’ ಸೇರಿಸಿ, ಗ್ರಾಫಿನ ಕೆಳಗೆ ನಿರ್ಣಾಯಕ ವ್ಯತ್ಯಾಸವನ್ನೂ ಬರೆಯಿರಿ. ನಿರ್ಣಾಯಕ ವ್ಯತ್ಯಾಸ 1.2 ಕ್ವಿಂಟಾಲ್ ಇದ್ದು ತಾಕುಗಳ ನಡುವಿನ ವ್ಯತ್ಯಾಸ 0.8 ಮಾತ್ರ ಇದ್ದರೆ, ಎರಡು ಪದ್ಧತಿಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲವೆಂದೇ ರೈತರಿಗೆ ತಿಳಿಸಬೇಕು. ಎರರ್ ಬಾರ್ ಏನನ್ನು ಸೂಚಿಸುತ್ತದೆ ಎಂಬುದನ್ನು ಬರೆಯದಿದ್ದರೆ ಅದು ಬರಿಯ ಅಲಂಕಾರವಾಗುತ್ತದೆ.

8. ರೂಪದ ತಿದ್ದುಪಡಿ

• ಮೂರು ಆಯಾಮದ ಸ್ತಂಭ ಮತ್ತು ಪೈ ಚಾರ್ಟ್‌ಗಳನ್ನು ಬಳಸಬೇಡಿ. ಓರೆಯಾದ ಚಿತ್ರದಲ್ಲಿ ಮುಂದಿನ ಭಾಗ ದೊಡ್ಡದಾಗಿಯೂ ಹಿಂದಿನದು ಚಿಕ್ಕದಾಗಿಯೂ ಕಾಣುತ್ತದೆ.

• ಕೆಂಪು ಮತ್ತು ಹಸಿರು ಬಣ್ಣಗಳನ್ನು ಅಕ್ಕಪಕ್ಕ ಇಡಬೇಡಿ. ಕೆಲವರಿಗೆ ಅವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಆಗುವ ಗ್ರಾಫಿಗೆ ಒಂದು ರೇಖೆ ಗಟ್ಟಿಯಾಗಿಯೂ ಇನ್ನೊಂದು ತುಂಡುಗೆರೆಯಾಗಿಯೂ ಇರಲಿ.

• ಒಂದು ಗ್ರಾಫಿನಲ್ಲಿ ನಾಲ್ಕಕ್ಕಿಂತ ಹೆಚ್ಚು ರೇಖೆಗಳು ಬೇಡ. ರೇಖೆಯ ತುದಿಯಲ್ಲಿಯೇ ಅದರ ಹೆಸರು ಬರೆದರೆ ಓದುವವರ ಶ್ರಮ ತಪ್ಪುತ್ತದೆ.

• ಎರಡು ಲಂಬ ಅಕ್ಷಗಳಿರುವ ಗ್ರಾಫಿನಲ್ಲಿ ಎಚ್ಚರವಿರಲಿ. ಅಳತೆಪಟ್ಟಿಯನ್ನು ಹಿಗ್ಗಿಸಿ ಕುಗ್ಗಿಸಿ, ಸಂಬಂಧವೇ ಇಲ್ಲದ ಎರಡು ರೇಖೆಗಳನ್ನು ಜೊತೆಯಾಗಿ ಓಡಿಸಬಹುದು. ಯಾವ ರೇಖೆ ಯಾವ ಅಕ್ಷಕ್ಕೆ ಸೇರಿದ್ದೆಂದು ಬಣ್ಣದಿಂದಲಾದರೂ ಸೂಚಿಸಬೇಕು.

• ಪ್ರತಿದಿನ ಅಂಕಿ ಸೇರಿಸುವವರು ಎಕ್ಸೆಲ್‌ನಲ್ಲಿ ಕಂಟ್ರೋಲ್ ಮತ್ತು ಟಿ ಕೀಲಿಗಳನ್ನು ಒತ್ತಿ ಕೋಷ್ಟಕವನ್ನು ‘ಟೇಬಲ್’ ಆಗಿ ಮಾರ್ಪಡಿಸಿಕೊಂಡರೆ, ಹೊಸ ಸಾಲು ಸೇರಿದಂತೆ ಗ್ರಾಫ್ ತಾನಾಗಿಯೇ ಬೆಳೆಯುತ್ತದೆ.

9. ಹಂಚಿಕೊಳ್ಳುವ ಮುನ್ನ

ವಾಟ್ಸ್‌ಆ್ಯಪ್ ಗುಂಪಿಗಾಗಲಿ ಸಭೆಗಾಗಲಿ ಕಳುಹಿಸುವ ಮುನ್ನ ಗ್ರಾಫಿನಲ್ಲಿ ಐದು ವಿಷಯಗಳಿವೆಯೇ ನೋಡಿ: ಏನನ್ನು ಅಳೆದದ್ದು, ಯಾವ ಮಾನದಲ್ಲಿ, ಯಾವ ಊರಿನಲ್ಲಿ, ಯಾವ ಅವಧಿಯಲ್ಲಿ, ಅಂಕಿಗಳ ಮೂಲ ಯಾವುದು. ಬಳಿಕ ಗ್ರಾಫಿನ ಎರಡು ಮೂರು ಬಿಂದುಗಳನ್ನು ಕೈಬರಹದ ಪುಸ್ತಕದ ಅಂಕಿಗಳೊಂದಿಗೆ ತಾಳೆ ಮಾಡಿ. ಅಂಕಿಯೊಂದು ಉಳಿದೆಲ್ಲಕ್ಕಿಂತ ತೀರ ಭಿನ್ನವಾಗಿ ಕಂಡರೆ ಅದನ್ನು ಅಳಿಸಿಹಾಕಬೇಡಿ, 12.5 ಎಂಬುದು 125 ಆಗಿದೆಯೇ ಎಂದು ಮೊದಲು ಪರಿಶೀಲಿಸಿ. ಅಂಕಿ ಸರಿಯಾಗಿಯೇ ಇದ್ದರೆ, ಆ ದಿನ ಜಮೀನಿನಲ್ಲಿ ಏನಾಯಿತೆಂಬುದನ್ನು ಟಿಪ್ಪಣಿಯಲ್ಲಿ ಬರೆದಿಡಿ.

ಪ್ರಾರಂಭಿಸುವವರು ಈ ಮುಂಗಾರಿನಲ್ಲಿ ಮಳೆಯ ದಾಖಲೆಯೊಂದನ್ನೇ ಕೈಗೆತ್ತಿಕೊಳ್ಳುವುದು ಒಳಿತು. ಒಂದು ಮಳೆಮಾಪಕ, ಎರಡು ಕಂಬಸಾಲಿನ ಕೋಷ್ಟಕ, ದಿನಕ್ಕೆ ಎರಡು ನಿಮಿಷದ ಶ್ರಮ ಇಷ್ಟೇ ಬೇಕಾದುದು. ಋತು ಮುಗಿದಾಗ ಸಂಚಿತ ಮಳೆಯ ರೇಖೆಯ ಮೇಲೆ ಬಿತ್ತನೆ, ಹೂವಾಡುವಿಕೆ ಮತ್ತು ಕೊಯ್ಲಿನ ದಿನಗಳನ್ನು ಗುರುತು ಮಾಡಿ. ಮುಂದಿನ ವರ್ಷದ ಬಿತ್ತನೆಯ ಚರ್ಚೆಗೆ ನಿಮ್ಮ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಬರುವಾಗ ಆ ಗ್ರಾಫನ್ನು ಜೊತೆಯಲ್ಲಿ ತನ್ನಿ. ತಾಲ್ಲೂಕಿನ ಸರಾಸರಿಗಿಂತ ನಿಮ್ಮ ಜಮೀನಿನ ಮಳೆಯ ರೇಖೆಯನ್ನು ಎದುರಿಗಿಟ್ಟುಕೊಂಡು ಕೊಡುವ ಸಲಹೆ ನಿಮಗೆ ಹೆಚ್ಚು ಉಪಯುಕ್ತವಾಗುತ್ತದೆ.